ಹಿಂದಿರುಗಿ ನೋಡಿದ ಗಾಯಕ

ಗ್ರೀಕರ ಪುರಾಣಗಳಲ್ಲಿ ಆರ್ಫಿಯಸ್ ಎಂಬ ಗಾಯಕನ ಕಥೆ ಪ್ರಸಿದ್ಧವಾದುದು. ಹಾವು ಕಚ್ಚಿ ಮಡಿದ ಮಡದಿ ಯೂರಿಡಿಸಿಯನ್ನು ಅರಸುತ್ತ ಆತನು ಪಾತಾಳಕ್ಕಿಳಿಯುತ್ತಾನೆ. ತನ್ನ ಗಾನದಿಂದ ಮೃತ್ಯುಲೋಕವನ್ನೇ ಕರಗಿಸುತ್ತಾನೆ. ಭೂಮಿಯನ್ನು ಸೇರುವವರೆಗೆ ಹಿಂದಿರುಗಿ ನೋಡಕೂಡದೆಂಬ ಕಟ್ಟಳೆಯೊಡನೆ ಮಡದಿ ಅವನಿಗೆ ದೊರೆಯುತ್ತಾಳೆ. ಅವನು ನೋಡುತ್ತಾನೆ, ಅವಳನ್ನು ಮತ್ತೊಮ್ಮೆ ಕಳೆದುಕೊಳ್ಳುತ್ತಾನೆ. ನಮ್ಮ ಮಹಾಭಾರತದ ರುರು, ಹಾವು ಕಚ್ಚಿ ಸತ್ತ ಪ್ರಮದ್ವರೆಗೆ ತನ್ನ ಆಯುಷ್ಯದಲ್ಲಿ ಅರ್ಧವನ್ನಿತ್ತು ಅವಳನ್ನು ಮರಳಿ ಪಡೆದನು. ಆರ್ಫಿಯಸನಿಗೆ ಆ ಭಾಗ್ಯವಿಲ್ಲ.

ಗ್ಲುಕ್ ಎಂಬ ಸಂಗೀತಕಾರನು 1762ರಲ್ಲಿ ಈ ಕಥೆಯನ್ನು ಆಪೆರಾ ಆಗಿ ವಿಯೆನ್ನಾ ನಗರದ ರಂಗಕ್ಕೆ ತಂದನು. ಸಂದರ್ಭ, ಚಕ್ರವರ್ತಿಯ ನಾಮದಿನೋತ್ಸವ. ಅರಮನೆಯ ಹಬ್ಬದಲ್ಲಿ ಸಾವಿಗೆ ಕೊನೆಯ ಮಾತನ್ನು ಬಿಡುವುದುಂಟೆ? ಅಲ್ಲಿ ಪ್ರೇಮದೇವತೆ ಬಂದು ಯೂರಿಡಿಸಿಯನ್ನು ಬದುಕಿಸುತ್ತದೆ. ಆಟ ಮಂಗಳದಲ್ಲಿ ಮುಗಿಯುತ್ತದೆ.

ಎರಡು ಶತಮಾನಗಳ ಮೇಲೆ, 1975ರಲ್ಲಿ, ಜರ್ಮನಿಯ ವುಪ್ಪರ್ಟಾಲ್ ನಗರದ ನೃತ್ಯತಂಡದ ನಿರ್ದೇಶಕಿ ಪೀನಾ ಬೌಷ್ ಇದೇ ಸಂಗೀತವನ್ನು ನೃತ್ಯರಂಗಕ್ಕೆ ಅಳವಡಿಸಿದರು. ಆಗ ಅವರ ವಯಸ್ಸು 34. ಶೋಕ, ಹಿಂಸೆ, ಶಾಂತಿ, ಮರಣ ಎಂದು ಆಟವನ್ನು ನಾಲ್ಕು ಭಾಗ ಮಾಡಿ, ಮಂಗಳದ ಮುಕ್ತಾಯವನ್ನು ಕೈಬಿಟ್ಟರು. ಅವರ ಯೂರಿಡಿಸಿ ಮರಳಿ ಏಳುವುದಿಲ್ಲ.

ಪ್ರಯೋಗದ ಹೊಸತನ ಪಾತ್ರಹಂಚಿಕೆಯಲ್ಲಿದೆ. ಮುಖ್ಯ ಪಾತ್ರಗಳು ಮೂರು. ಪ್ರತಿಯೊಂದಕ್ಕೂ ಕುಣಿಯುವವರೊಬ್ಬರು, ಹಾಡುವವರೊಬ್ಬರು. ನಮ್ಮ ಯಕ್ಷಗಾನದಲ್ಲಿಯೂ ಹಾಡುವವರು ಭಾಗವತರು, ಕುಣಿಯುವವನು ವೇಷಧಾರಿ. ಆದರೆ ಭಾಗವತರು ಎಲ್ಲ ಪಾತ್ರಗಳಿಗೂ ತಾವೇ ಕಂಠವಾಗುತ್ತಾರೆ. ಇಲ್ಲಿಯಾದರೋ ಕಪ್ಪುಡುಗೆಯ ಗಾಯಕರು ತಂತಮ್ಮ ಪಾತ್ರದ ನೆರಳಿನಂತೆ ರಂಗದ ಮೇಲೆಯೇ ಸುಳಿದಾಡುತ್ತಾರೆ. ಕುಣಿಯುವ ಆರ್ಫಿಯಸ್ ಪುರುಷ. ಅವನ ಕಂಠ ಸ್ತ್ರೀಯದು.

ಅವನು ಹಿಂದಿರುಗಿ ನೋಡಿದೊಡನೆ ಇಬ್ಬರು ಯೂರಿಡಿಸಿಯರೂ ಬೀಳುತ್ತಾರೆ, ಒಬ್ಬಳ ಮೇಲೊಬ್ಬಳು. ಆಗ ಬರುತ್ತದೆ, ಗ್ಲುಕ್‌ನ ಅತ್ಯಂತ ಪ್ರಸಿದ್ಧವಾದ ಶೋಕಗೀತ. ನರ್ತಕರಿಗೆ ಇದಕ್ಕಿಂತ ದೊಡ್ಡ ಅವಕಾಶ ಇನ್ನಾವುದಿದೆ? ಆದರೆ ಬೌಷ್ ಅವರ ನರ್ತಕನು ಮೂಲೆಯಲ್ಲಿ ಪ್ರೇಕ್ಷಕರಿಗೆ ಬೆನ್ನು ಮಾಡಿ, ಮೊಣಕಾಲೂರಿ, ನಿಶ್ಚಲನಾಗಿರುತ್ತಾನೆ. ಹಾಡು ಮಾತ್ರ ಹರಿಯುತ್ತದೆ. ದುಃಖವು ಮಿತಿಮೀರಿದಾಗ ದೇಹ ಕುಣಿಯಲಾರದು ಎಂಬ ಸತ್ಯವನ್ನು, ಜೀವಮಾನವೆಲ್ಲ ದೇಹವನ್ನೇ ನಂಬಿದ ಕಲಾವಿದೆ ಹೀಗೆ ಒಪ್ಪಿಕೊಂಡರು.

ಇಂಥ ಆಟಕ್ಕೆ ಧ್ವನಿಮುದ್ರಿಕೆ ಸಾಲದು. ನಿಶ್ಚಲವಾದ ಆ ಬೆನ್ನಿಗೆ ಅರ್ಥ ಬರುವುದು, ಅದೇ ರಂಗದ ಮೇಲೆ ಮತ್ತೊಂದು ಜೀವ ಉಸಿರೆಳೆದು ಹಾಡುತ್ತಿರುವುದರಿಂದ. 2005ರಲ್ಲಿ ಪ್ಯಾರಿಸ್ ಆಪೆರಾದ ನೃತ್ಯತಂಡ ಈ ಕೃತಿಯನ್ನು ತನ್ನದಾಗಿಸಿಕೊಂಡಾಗಲೂ ಗಾಯಕರು ಮತ್ತು ವಾದ್ಯವೃಂದ ಪ್ರತ್ಯಕ್ಷವಾಗಿಯೇ ಇದ್ದರು.

ಬೌಷ್ 2009ರಲ್ಲಿ ತೀರಿಕೊಂಡರು. ಗ್ಲುಕ್‌ನ ಮಂಗಳ ಅಂದಿನ ಸಭೆಯನ್ನು ಸಂತೋಷದಿಂದ ಮನೆಗೆ ಕಳುಹಿಸಿರಬೇಕು. ಬೌಷ್ ಅವರ ಮೌನ ಪ್ರೇಕ್ಷಕನೊಡನೆ ಮನೆಯವರೆಗೂ ಬರುತ್ತದೆ. ತನ್ನವರನ್ನು ಕಳೆದುಕೊಂಡವನಿಗೆ ಯಾವುದು ಹೆಚ್ಚು ಹತ್ತಿರದ್ದೆಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ.