ಗ್ರೇಡ್ ಬಿಡಿ, ರೆಕಾರ್ಡ್ ಪುಸ್ತಕ ತೆಗೆಯಿರಿ

ದೂರಶಿಕ್ಷಣ, ಆನ್‌ಲೈನ್ ಎರಡರಲ್ಲೂ ಮನಃಶಾಸ್ತ್ರ ಪದವಿ ಕೊಡುವುದಕ್ಕೆ ಯುಜಿಸಿ 2025ರ ಜುಲೈ-ಆಗಸ್ಟ್ ಪ್ರವೇಶದಿಂದ ತಡೆ ಹಾಕಿದೆ. ಇನ್ನು ಗುಣಮಟ್ಟದ ಚಿಂತೆಯಿಲ್ಲ ಎಂದು ನಿಟ್ಟುಸಿರು ಬಿಟ್ಟವರದು ಬರೀ ಅವಸರ. ನಿರ್ಧಾರವೇನೋ ಸರಿಯೇ. ಆದರೆ ಅದು ವಿದ್ಯಾರ್ಥಿಯನ್ನು ಕಾಲೇಜಿನ ಗೇಟಿನೊಳಗೆ ತಂದು ನಿಲ್ಲಿಸುತ್ತದೆ, ಅಷ್ಟೆ. ಒಳಗೆ ಪ್ರಯೋಗಾಲಯದ ಬೀರುವಿಗೆ ಬೀಗ ಬಿದ್ದಿದ್ದರೆ?

ನ್ಯಾಕ್ ಗ್ರೇಡ್ ನೋಡಿಯೇ ಸೇರಿಸಿದೆವು ಎನ್ನುವ ಪೋಷಕರಿದ್ದಾರೆ. ಆ ಗ್ರೇಡ್ ಇಡೀ ಕಾಲೇಜಿನದು. ಒಬ್ಬರೇ ಅತಿಥಿ ಉಪನ್ಯಾಸಕರ ಮೇಲೆ ನಡೆಯುವ ಮನಃಶಾಸ್ತ್ರ ವಿಭಾಗವೂ ಕಾಮರ್ಸ್ ವಿಭಾಗದ ನೆರಳಲ್ಲಿ ಎ ಪ್ಲಸ್ ಹೊದ್ದು ಕೂರಬಹುದು.

ಕೇಳಬೇಕಾದ್ದು ಒಂದೇ ಲೆಕ್ಕ: ಪದವಿ ಮುಗಿಸುವಷ್ಟರಲ್ಲಿ ವಿದ್ಯಾರ್ಥಿ ತಾನೇ ಎಷ್ಟು ಜನರಿಂದ ದತ್ತಾಂಶ ಸಂಗ್ರಹಿಸಿ, ವಿಶ್ಲೇಷಿಸಿ, ಬರೆದಿದ್ದಾಳೆ? ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿ ಈ ವಿಷಯದಲ್ಲಿ ಮುಲಾಜು ನೋಡುವುದಿಲ್ಲ. ಉಳಿದ ಪತ್ರಿಕೆಗಳಲ್ಲಿ ಎಷ್ಟೇ ಅಂಕ ಬಂದಿರಲಿ, ಸ್ವಂತ ಸಂಶೋಧನಾ ಪ್ರಾಜೆಕ್ಟಿನಲ್ಲಿ ಪಾಸಾಗದವರಿಗೆ ವೃತ್ತಿ ತರಬೇತಿಯ ಮೊದಲ ಮೆಟ್ಟಿಲಾದ ಮಾನ್ಯತೆ ಅಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ಇಂಥದ್ದಕ್ಕೆ ಜಾಗವಿದ್ದದ್ದು ನಾಲ್ಕನೇ ವರ್ಷದ ಆನರ್ಸ್‌ನಲ್ಲಿ. 2024-25ರಿಂದ ಕರ್ನಾಟಕ ಮೂರು ವರ್ಷದ ಪದವಿಗೆ ಮರಳಿತು. ಬಡ ವಿದ್ಯಾರ್ಥಿಗೆ ಒಂದು ವರ್ಷದ ಖರ್ಚು ಉಳಿಯಿತು ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ವರ್ಷದ ಸಂಶೋಧನೆ ಎಲ್ಲಿ ಹೋಗಬೇಕು ಎಂದು ಚರ್ಚಿಸಿದವರೆಷ್ಟು ಮಂದಿ?

ಕೈಯಾರೆ ಅಳೆದು ಕಲಿಯುವುದೇನು ಪರದೇಶದ ಚಾಳಿಯಲ್ಲ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ 1924ರಲ್ಲೇ ಮನಃಶಾಸ್ತ್ರ ಪ್ರಯೋಗಾಲಯ ಕಟ್ಟಿದರು (ಜನ ಅವರನ್ನು ನೆನೆಯುವುದು 1935ರಲ್ಲಿ ಮನೆಯಲ್ಲೇ ಶುರುಮಾಡಿದ ರೇಡಿಯೊಗಾಗಿ, ಅದು ಬೇರೆ ಮಾತು). ವಿ.ವಿ. ಕಾಮತ್ ಬಿನೆಯ ಬುದ್ಧಿಮಾಪನ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿ 1934ರಲ್ಲಿ ಆ ಕೆಲಸವನ್ನು ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಮಕ್ಕಳ ಎದುರು ಕೂತು ಅಳೆಯದೆ ಅಂಥ ಪರೀಕ್ಷೆ ಹುಟ್ಟುವುದಿಲ್ಲ.

ಬಿ.ಎ. ಮುಗಿಸಿದವರು ಕ್ಲಿನಿಕ್ ತೆರೆಯುವುದಿಲ್ಲವಲ್ಲ, ಇಷ್ಟು ಬಿಗಿ ಯಾಕೆ ಎಂಬ ಆಕ್ಷೇಪವಿದೆ. ನಿಜ, ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು. ಆದರೆ ಬಿ.ಎ. ಮುಗಿಸಿದವರಲ್ಲಿ ಅನೇಕರು ಶಾಲೆ, ಸಂಸ್ಥೆಗಳಲ್ಲಿ ಮಕ್ಕಳ ಜತೆ ಕೆಲಸಕ್ಕೆ ಸೇರುತ್ತಾರೆ. ಅಳತೆಯಲ್ಲಿ ಎಷ್ಟು ತಪ್ಪಬಹುದು ಎಂದು ಕೈಯಾರೆ ಅರಿಯದವರು ಮಗುವಿಗೆ ‘ದಡ್ಡ’ ಎಂಬ ಚೀಟಿ ಅಂಟಿಸಿದರೆ ಕಿತ್ತುಹಾಕುವವರಾರು?

ಪ್ರವೇಶಕ್ಕೆ ಹೋದಾಗ ಪೋಷಕರು ಕಳೆದ ವರ್ಷದ ಹತ್ತು ಪ್ರಾಯೋಗಿಕ ರೆಕಾರ್ಡ್‌ಗಳನ್ನು ಕೇಳಿ ನೋಡಲಿ. ಮುಲ್ಲರ್-ಲಯರ್ ಭ್ರಮೆಯ ಪ್ರಯೋಗದ ಪುಟ ತೆರೆಯಲಿ. ಬಾಣದ ಗುರುತುಗಳ ನಡುವಿನ ಗೆರೆಯನ್ನು ಸರಿಸಿ ಇನ್ನೊಂದಕ್ಕೆ ಸಮ ಮಾಡುವ ಆಟ ಅದು. ಯಾರ ಕಣ್ಣು ಎಷ್ಟು ಮಿಲಿಮೀಟರ್ ಮೋಸಹೋಯಿತು ಎಂಬುದು ಒಬ್ಬೊಬ್ಬರಿಗೂ ಬೇರೆ. ಹತ್ತು ಪುಸ್ತಕಗಳಲ್ಲೂ ಒಂದೇ ಅಂಕಿ ಕಂಡರೆ ಶುಲ್ಕ ಕಟ್ಟುವ ಮುನ್ನ ಇನ್ನೊಂದು ಕಾಲೇಜನ್ನು ನೋಡುವುದು ಒಳ್ಳೆಯದು.