ಅಳಿಸಿದ ಗೆರೆಗಳು
ದುಡ್ಡು ಕೊಟ್ಟು ಬರೆಸಿದ ಸಂಗೀತ ಕೂಲಿಯ ಸಂಗೀತ ಎಂಬ ಮೂದಲಿಕೆ ಹಳೆಯದು. ಅಮೆರಿಕದ ಸಂಯೋಜಕ ಫಿಲಿಪ್ ಗ್ಲಾಸ್ ಅವರ ವಿಷಯದಲ್ಲಿ ಅದು ನಿಲ್ಲುವುದಿಲ್ಲ. ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ಓದು ಮುಗಿಸಿದ್ದರೂ 1964ರಲ್ಲಿ ಪ್ಯಾರಿಸ್‌ಗೆ ಹೋಗಿ, ನಾದಿಯಾ ಬುಲಾಂಜೆ ಎಂಬ ಕಟ್ಟುನಿಟ್ಟಿನ ಗುರುವಿನೆದುರು ಮತ್ತೆ ಅಆಇಈಯಿಂದ ಕೌಂಟರ್‌ಪಾಯಿಂಟ್, ಅಂದರೆ ಹಲವು ಸ್ವರಧಾರೆಗಳನ್ನು ಒಟ್ಟಿಗೆ ಹೆಣೆಯುವ ವಿದ್ಯೆ, ತಿದ್ದಿದವರು ಅವರು. ಅಲ್ಲೇ ಸಿತಾರ್ ವಾದಕ ರವಿಶಂಕರರ ಸಿನಿಮಾ ಸಂಗೀತವನ್ನು ಪಾಶ್ಚಾತ್ಯ ವಾದಕರಿಗಾಗಿ ಬರೆದುಕೊಡುವ ಕೆಲಸ ಸಿಕ್ಕಿತು. ಪಾಶ್ಚಾತ್ಯ ಸ್ವರಲಿಪಿಯ ರೂಢಿಯಂತೆ ಸ್ವರಗಳ ನಡುವೆ ಗೆರೆ ಎಳೆದಲ್ಲೆಲ್ಲ ಒತ್ತು ತಪ್ಪಾದ ಕಡೆ ಬೀಳುತ್ತಿತ್ತು; ಗೆರೆಗಳನ್ನೇ ಅಳಿಸಿಹಾಕಿದಾಗ ತಾಳದ ಆವರ್ತ ಕಣ್ಣಿಗೆ ಬಿತ್ತು. (ಮೃದಂಗ ಕಲಿಯುವ ನಮ್ಮ ಹುಡುಗರು ನಕ್ಕಾರು, ಇರಲಿ.) ಆಮೇಲೆ ರಾಟರ್‌ಡ್ಯಾಮ್ ನಗರ ಅವರಿಂದ ಒಪೆರಾ ಬರೆಸಿತು. 1980ರಲ್ಲಿ ರಂಗಕ್ಕೆ ಬಂದ ‘ಸತ್ಯಾಗ್ರಹ’ ಅದು. ಎಲೆಕ್ಟ್ರಿಕ್ ಆರ್ಗನ್, ಸ್ಯಾಕ್ಸೊಫೋನ್‌ಗಳ ಸ್ವಂತ ತಂಡಕ್ಕೆ ಬರೆದು ರೂಢಿಯಾಗಿದ್ದವರು ಈಗ ಒಪೆರಾ ಮನೆಯ ಆರ್ಕೆಸ್ಟ್ರಾ, ಕೋರಸ್‌ಗೆ ಬರೆಯಬೇಕಾಯಿತು. ಹಾಗಾದರೆ ಹಣ ಕೊಟ್ಟವರಿಗೆ ಬಾಗಿದಂತಾಗಲಿಲ್ಲವೇ? ಬಾಗಿದ್ದು ಅಷ್ಟಕ್ಕೇ. ಹಿತ್ತಾಳೆ ವಾದ್ಯಗಳನ್ನೂ ತಾಳವಾದ್ಯಗಳನ್ನೂ ಪೂರ್ತಿ ಕೈಬಿಟ್ಟರು. ದಕ್ಷಿಣ ಆಫ್ರಿಕಾದ ಗಾಂಧಿಯ ಬಾಯಲ್ಲಿ ಭಗವದ್ಗೀತೆಯ ಸಂಸ್ಕೃತವನ್ನೇ ಹಾಡಿಸಿದರು. ಆ ವಸ್ತುವನ್ನು ಆರಿಸಿದ್ದು ನಗರವಲ್ಲ, ಗ್ಲಾಸ್.