ಮೂರನೆಯ ಕಂಬ ದಾರಿಯಿಂದಾಚೆಗೆ ಇರಲಿ

ಮಣ್ಣಿನ ತೇವ ಅಳೆಯುವ ಸೆನ್ಸರ್ ಕೊಳ್ಳುವ ಸದಸ್ಯರು ಅದರ ಬೆಲೆಯನ್ನೂ ಬಾಳಿಕೆಯನ್ನೂ ವಿಚಾರಿಸುತ್ತಾರೆ. ಅದು ಹೂತಿರುವ ಜಾಗವನ್ನು ನಕ್ಷೆ ಸರಿಯಾಗಿ ತೋರಿಸುತ್ತದೆಯೇ ಎಂದು ಕೇಳುವವರು ಕಡಿಮೆ. ನಾವೂ ಕೇಳಲಿಲ್ಲ, ಅದರ ದಂಡ ತೆತ್ತಿದ್ದೇವೆ.

ಕಳೆದ ಬೇಸಿಗೆಯಲ್ಲಿ ಪೆರೇಸಂದ್ರದ ನಮ್ಮ ತೋಟದಲ್ಲಿ 12 ಸೆನ್ಸರ್ ಹೂಳಿಸಿದೆವು. ಮಾರಿದವರು ತೋಟದ ನಡುವಿನ ಗಾಡಿದಾರಿಯ ಉದ್ದಕ್ಕೂ ಮೂರು ಕಂಬ ನೆಟ್ಟರು. ಪ್ರತಿ ಕಂಬದಿಂದ ಸೆನ್ಸರಿಗೆ ಇರುವ ದೂರವನ್ನು ರೇಡಿಯೋ ಅಲೆಯಿಂದ ಅಂದಾಜು ಮಾಡಿ ನಕ್ಷೆ ಕೊಟ್ಟರು. 7ನೆಯ ಸೆನ್ಸರ್ ‘ಒಣಗಿದೆ’ ಎಂದಾಗಲೆಲ್ಲ, ನಕ್ಷೆಯನ್ನು ನಂಬಿ, ದಾರಿಯ ಎಡಗಡೆಯ ಕಾಫಿಗೆ ನೀರು ಬಿಟ್ಟೆವು. ಅದು ಇದ್ದದ್ದು ಬಲಗಡೆಯ ಅಡಿಕೆಯಲ್ಲಿ! 15 ದಿನ ಕೊಳವೆಬಾವಿಯ ನೀರು ಬೇಡದ ಬುಡಕ್ಕೆ ಹೋಯಿತು. ಅಡಿಕೆಯ ಎಳೆಗಾಯಿ ಉದುರಿದ ಮೇಲೆ ತಪ್ಪು ತಿಳಿಯಿತು.

ಯಂತ್ರ ಕೆಟ್ಟಿರಲಿಲ್ಲ. ನೆಲದಲ್ಲಿ ಎರಡು ಗೂಟ ಹೊಡೆದು, ಒಂದೊಂದಕ್ಕೆ ಒಂದೊಂದು ಹಗ್ಗ ಕಟ್ಟಿ, ಬಿಗಿಯಾಗಿ ಎಳೆದು ತುದಿಗಳನ್ನು ಕೂಡಿಸಿ ನೋಡಿ. ಗೂಟಗಳ ಸಾಲಿನ ಎಡಕ್ಕೂ ಅವು ಕೂಡುತ್ತವೆ, ಬಲಕ್ಕೂ ಕೂಡುತ್ತವೆ. ಮೂರನೆಯ ಗೂಟ ಅದೇ ಸಾಲಿನಲ್ಲಿದ್ದರೆ ಸಂಶಯ ಹಾಗೆಯೇ ಉಳಿಯುತ್ತದೆ. ಸಾಲಿನಿಂದ ಸಾಕಷ್ಟು ಆಚೆಗಿದ್ದರೆ ಒಂದೇ ಜಾಗ ಉಳಿಯುತ್ತದೆ.

ನೆರೆಯ ಗೌರಿಬಿದನೂರಿನಲ್ಲಿ 1960ರ ದಶಕದಲ್ಲಿ ಸ್ಥಾಪಿಸಿದ ಭೂಕಂಪ ಮಾಪಕಗಳ ಜಾಲವನ್ನು ನೋಡಿ. ಮಾಪಕಗಳನ್ನು ಒಂದೇ ಗೆರೆಯಲ್ಲಿಡದೆ ಮೂಲೆಮಟ್ಟದಂತೆ ಎರಡು ತೋಳುಗಳಲ್ಲಿ ಹರಡಿದರು. ಒಂದೇ ಗೆರೆಯಾದರೆ ಕಂಪನದ ಅಲೆ ಯಾವ ಮಗ್ಗುಲಿನಿಂದ ಬಂತೆಂದು ಗೊತ್ತಾಗದು. ಅಲ್ಲಿ ಹುಡುಕುವುದು ಅಲೆಯ ದಿಕ್ಕನ್ನು, ಇಲ್ಲಿ ಸೆನ್ಸರಿನ ಜಾಗವನ್ನು, ಪಾಠ ಒಂದೇ.

ಇನ್ನು ದೂರದ ಲೆಕ್ಕ. ಎಲೆ ಒದ್ದೆಯಾದಾಗ ರೇಡಿಯೋ ಅಲೆ ಕುಗ್ಗುತ್ತದೆ. ಅಲೆಯ ಬಲ ನೋಡಿ ದೂರ ಹೇಳುವ ಯಂತ್ರ ಹತ್ತಿರದ್ದನ್ನೂ ದೂರವೆನ್ನುತ್ತದೆ. ಆದ್ದರಿಂದ ಒಮ್ಮೆ ಟೇಪು ಹಿಡಿದು ಅಳೆಯುವುದೇ ಲೇಸು. ಇಳಿಜಾರಿನಲ್ಲಿ ಟೇಪನ್ನು ಮಟ್ಟವಾಗಿ ಹಿಡಿದು, ತುಂಡು ತುಂಡಾಗಿ ಅಳೆಯಬೇಕು. 10 ಮೀಟರ್ ಏರುವ ಕಡೆ ನೆಲದ ಮೇಲಿನ 30 ಮೀಟರ್ ನಕ್ಷೆಯಲ್ಲಿ ಸುಮಾರು 28 ಮೀಟರ್ ಮಾತ್ರ.

ಫೋನಿನಲ್ಲೇ ಜಾಗ ಸಿಗುತ್ತದಲ್ಲ ಎಂದು ಕೆಲವರು ಕೇಳಬಹುದು. ದಟ್ಟ ನೆರಳಿನಲ್ಲಿ ಫೋನು ಐದಾರು ಮೀಟರ್ ತಪ್ಪುವುದು ಹೊಸದಲ್ಲ. 9 ಅಡಿ ಅಂತರದ ಅಡಿಕೆಯಲ್ಲಿ ಅಷ್ಟು ತಪ್ಪಿದರೆ ಎರಡು ಸಾಲು ಆಚೆ ಹೋದಂತೆ.

ಸಂಘದಲ್ಲಿ ಒಂದು ಉದ್ದ ಟೇಪು, ಒಂದು ಮಟ್ಟದ ಕೊಳವೆ ಇರಬೇಕೆಂದು ಮುಂದಿನ ಸಭೆಯಲ್ಲಿ ನಾವು ಸೂಚಿಸಲಿದ್ದೇವೆ. ಅಲ್ಲಿಯವರೆಗೆ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟು: ಮೂರನೆಯ ಕಂಬವನ್ನು ದಾರಿಯಿಂದಾಚೆಗೆ ನೆಡಿಸಿ. ಒಂದು ಸೆನ್ಸರಿನ ಬುಡಕ್ಕೆ ಬಿಂದಿಗೆ ನೀರು ಸುರಿದು, ನಕ್ಷೆಯಲ್ಲಿ ಯಾವ ಚುಕ್ಕೆ ಬದಲಾಯಿತೆಂದು ನೋಡಿ. ಬಿಲ್ಲು ಪಾವತಿ ಆಮೇಲೆ.